ಐದು ಟೇಪು, ಮೇಲೊಂದು ಗೇಣು

ಗುರುವಾರ ರಾತ್ರಿ ಹನ್ನೆರಡಕ್ಕೆ ಅರ್ಜಿಯ ಬಾಗಿಲು ಮುಚ್ಚುತ್ತದೆ.
ಈಗ ಒಂಬತ್ತೂವರೆ. ಮನಾಮಾದ ಗುದೈಬಿಯಾ,
ನನ್ನ ಹೊಲಿಗೆ ಅಂಗಡಿ, ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್.
ಎದುರಿಗೆ ಯತಿರಾಜ ಕುಂದರ್, ಊರುಗೋಲು ಗೋಡೆಗೊರಗಿಸಿ,
"ಜೆಸಿಂತಾ ಬಾಯಿ, ಎಂತಾದರೂ ಬರೆಯಿರಿ" ಎನ್ನುತ್ತಾನೆ.

ಎಂತಾದರೂ ಬರೆಯಲಿಕ್ಕೆ ಇದೇನು ಪ್ರೇಮಪತ್ರವಾ?
ಪ್ರಶ್ನೆಗೊಂದು ಚೌಕ, ಚೌಕಕ್ಕೊಂದು ಕೆಂಪು ನಕ್ಷತ್ರ,
ತುಂಬದೆ ಮುಂದಿನ ಪುಟಕ್ಕೆ ಬಿಡುವುದಿಲ್ಲ.

ಹೆಸರು. ರಾಷ್ಟ್ರೀಯತೆ. ಸಿಪಿಆರ್ ನಂಬರು.
ಕ್ರೀಡೆ: ಕುಳಿತು ಗುಂಡು ಎಸೆಯುವುದು.
ಅಂಗವೈಕಲ್ಯದ ವಿವರ, ಇನ್ನೂರು ಪದ ಮೀರದಂತೆ.

ಅವನು ಹೇಳಿದ್ದು ಇನ್ನೂರರಲ್ಲಿ ಹಿಡಿಯುವಂಥದ್ದಲ್ಲ.
ಹಡಗು ರಿಪೇರಿ ಯಾರ್ಡು, ಆಗಸ್ಟ್ ತಿಂಗಳು, ಕೊಕ್ಕೆ ಜಾರಿದ ತಗಡು,
ಆಸ್ಪತ್ರೆಯಲ್ಲಿ ಎಚ್ಚರಾದವ ಮೊದಲು ಕೇಳಿದ್ದು
ಬೂಟೆಲ್ಲಿ ಎಂದು. ಹೊಸ ಬೂಟು,
ಕಂಪನಿ ಸಂಬಳದಲ್ಲಿ ಹಿಡಿದುಕೊಂಡಿತ್ತು.
ಬೂಟು ತೆಗೆದೆ. ಆಗಸ್ಟ್ ತೆಗೆದೆ. ಕೊಕ್ಕೆಯನ್ನೂ.
ಉಳಿದದ್ದು: ಎಡಗಾಲು, ಮೊಣಗಂಟಿನಿಂದ ಮೇಲಕ್ಕೆ.
ಇನ್ನೂ ನೂರ ತೊಂಬತ್ತೇಳು ಪದಕ್ಕೆ ಜಾಗ ಇತ್ತು.

ಹಿಂದಿನ ತರಬೇತಿ?
"ಮಲ್ಪೆಯಲ್ಲಿ ಅಜ್ಜನ ಜೊತೆ ಬೀಸುಬಲೆ ಬೀಸಿದ್ದುಂಟು," ನಕ್ಕ.
"ಸೊಂಟದಿಂದ ಎದ್ದದ್ದು ಭುಜಕ್ಕೆ ಬಂದು ಬೆರಳಲ್ಲಿ ಬಿಟ್ಟುಹೋಗಬೇಕು,
ಬಲೆಯಾದರೇನು, ಗುಂಡಾದರೇನು."
ಚೌಕದಲ್ಲಿ "ಸ್ವಂತ" ಎಂದು ಹಾಕಿದೆ.

ಪದಕ? ಕ್ಲಬ್ಬಿನ ಪ್ರಮಾಣಪತ್ರ ಒಂದುಂಟು, ಪ್ರಥಮ ಸ್ಥಾನ.
ಆ ದಿನ ಅವನ ವರ್ಗದಲ್ಲಿ ಬಂದವ ಅವನೊಬ್ಬನೇ,
ಹಾಗೆ ನೋಡಿದರೆ ಕೊನೆಯ ಸ್ಥಾನವೂ ಅವನದೇ.
ಅರ್ಜಿ ಕೇಳಲಿಲ್ಲ, ನಾವು ಹೇಳಲಿಲ್ಲ.

ಎಸೆಯುವ ಕುರ್ಚಿಗೆ ಮೂರು ಕೊಟೇಶನ್ ಬೇಕಂತೆ, ಮಾರಾಯ್ರೆ.
ಸಿತ್ರಾದ ವೆಲ್ಡರ್ ಗುಲ್ ಜಮಾನ್ ಸಿಗರೇಟು ಪ್ಯಾಕಿನ ಬೆನ್ನಿಗೆ ಬರೆದಿದ್ದ:
ಪೈಪು, ಬೆಲ್ಟು, ಕೂಲಿ, ನೂರ ಎಂಬತ್ತು ದಿನಾರ್.
ಮುದ್ರೆ ಬೇಕೆಂದೆವು, ತಂದ.
ಜೊತೆಗೆ ಇಬ್ಬರು ಭಾವಂದಿರ ಮುದ್ರೆಯನ್ನೂ ತಂದ,
ಒಬ್ಬನದು ಇನ್ನೂರ ಹತ್ತು, ಇನ್ನೊಬ್ಬನದು ಇನ್ನೂರ ನಲವತ್ತು,
ಮೂರರಲ್ಲೂ ಒಂದೇ ಕೈಬರಹ.

ಇತ್ತೀಚಿನ ಅತ್ಯುತ್ತಮ ದೂರ?
ಗೊತ್ತಿಲ್ಲ ಎಂದ. ಅಳೆಯುವವರು ಯಾರಿದ್ದಾರೆ?
ಗಂಟೆ ಹತ್ತೂಕಾಲು.

ಶಟರ್ ಎಳೆದು, ಸ್ಟೂಲು, ಗುಂಡು, ಟೇಪು ಹಿಡಿದು ಟ್ಯಾಕ್ಸಿ ಹತ್ತಿದೆವು.
ಸಮುದ್ರ ತುಂಬಿಸಿ ಮಾಡಿದ ಬಯಲು, ಒಂದೇ ದೀಪದ ಕಂಬ.
"ಇಲ್ಲಿ ಮೊದಲು ಮೀನಿತ್ತು" ಎಂದ, ಯಾರಿಗೋ.
ಸ್ಟೂಲು ಜಾರದಂತೆ ನಾನು ಮೊಣಕಾಲೂರಿ
ಹಿಂದಿನಿಂದ ತಬ್ಬಿ ಹಿಡಿದೆ.
ಒಂದು ಉಸಿರು. ಸ್ಟೂಲು ನಡುಗಿತು, ನನ್ನ ಹಲ್ಲೂ.
ದೂರದಲ್ಲಿ ಧಡ್ ಎಂದು ಮರಳು.

ಗುರುತಿಗೆ ಏನೂ ಇರಲಿಲ್ಲ. ಚೀಲದಲ್ಲಿ ಸಿಕ್ಕಿದ್ದು
ಅವನದೇ ಪ್ಯಾಂಟಿನಿಂದ ನಾನು ಕತ್ತರಿಸಿಟ್ಟ ಎಡಗಾಲಿನ ಬಟ್ಟೆ.
ಒಳ್ಳೆಯ ಬಟ್ಟೆ, ಎಸೆಯಲು ಮನಸ್ಸಾಗದ್ದು.
ಗುಂಡು ಬಿದ್ದ ಕುಳಿಯಲ್ಲಿ ಕಲ್ಲಿಟ್ಟು ಅದನ್ನು ಹಾಸಿದೆ,
ಹೊಲಿಗೆಯ ಟೇಪು, ಒಂದೂವರೆ ಮೀಟರು, ಬಗ್ಗಿ ಬಗ್ಗಿ ಇಟ್ಟೆ:
ಐದು ಟೇಪು, ಮೇಲೊಂದು ಗೇಣು.

ಅರ್ಜಿಗೆ ಗೇಣು ಗೊತ್ತಿಲ್ಲ.
ಏಳು ಬಿಂದು ಏಳು ಮೂರು ಎಂದು ಒತ್ತಿದೆ,
ಹನ್ನೆರಡಕ್ಕೆ ಆರು ನಿಮಿಷ ಇರುವಾಗ.
ಕೂಡಲೇ ಒಂದು ಮೇಲ್ ಬಂತು: ದಯವಿಟ್ಟು ಇದಕ್ಕೆ ಉತ್ತರಿಸಬೇಡಿ.

ನಾಲ್ಕು ತಿಂಗಳಾಯಿತು.
ಬಟ್ಟೆಯನ್ನು ಅಲ್ಲೇ ಮರೆತಿದ್ದೆವು. ಮೊನ್ನೆ ಶುಕ್ರವಾರ ಹೋದರೆ
ಬಯಲಿಗೆ ಬೇಲಿ, ಏನೋ ಕಟ್ಟುತ್ತಾರಂತೆ.
ನಾನು ಬೇಲಿಯ ಸಂದಿಯಲ್ಲಿ ಬಟ್ಟೆ ಹುಡುಕುತ್ತಿದ್ದೆ,
ಅವನು ಅದರಾಚೆ ಎಲ್ಲೋ ನೋಡುತ್ತ,
"ಬಾಯಿ, ಆ ಅಂಕಿ ತಿದ್ದಲಿಕ್ಕಾಗುತ್ತದಾ?
ಈಗ ನಾನು ಎರಡು ಮೊಳ ಮುಂದೆ ಹಾಕುತ್ತೇನೆ."